ಅತ್ತೆಯ ಒಲೆಗೆ ನಾನು ಮಾಡಿದ ಲೆಕ್ಕ

ರಿಪೇರಿ ಮಾಡಿದಷ್ಟೂ ಚೆನ್ನಾಗಿ ಕೆಲಸ ಮಾಡುವ ಸಾಮಾನು ನಿಮ್ಮ ಮನೆಯಲ್ಲಿ ಏನಾದರೂ ಇದೆಯೇ? ನಮ್ಮ ಮನೆಯಲ್ಲಿತ್ತು. ಮೊನ್ನೆ ಅದು ಪ್ಲಗ್ಗನ್ನೂ ಸಾಕೆಟ್ಟನ್ನೂ ಕರಗಿಸಿ ಒಂದು ಮಾಡಿತು.

ಅದು ನಮ್ಮ ಅತ್ತೆಯ ಕರೆಂಟಿನ ಒಲೆ. ಮಣ್ಣಿನ ಬಿಲ್ಲೆ, ಅದರ ಗೀರಿನೊಳಗೆ ಕೂರಿಸಿದ ಕಾಯಿಲ್. ಸಿಂಧನೂರಿನ ನಮ್ಮ ಮನೆಯಲ್ಲಿ ಗ್ಯಾಸ್ ಇಲ್ಲವೆಂದಲ್ಲ. ಆದರೆ ಮಕ್ಕಳು ಮುಖ ಕೂಡ ತೊಳೆಯದೆ ನೂಡಲ್ಸ್ ಬೇಯಿಸುವ ಒಲೆಯ ಮೇಲೆ ಲಿಂಗಪೂಜೆಯ ಎಡೆ ಮಾಡುವುದುಂಟೇ? ಅತ್ತೆ ತಮ್ಮೂರು ತುರ್ವಿಹಾಳದಿಂದ ಬರುವಾಗ ತಂದ ಈ ಒಲೆ ದೇವರ ಕೋಣೆಯ ಬಾಗಿಲಲ್ಲೇ ಇರುತ್ತದೆ. ಅದರ ಮೇಲೆ ಗೋಧಿ ಹುಗ್ಗಿ ಆಗಬೇಕು, ಎಡೆ ಹಿಡಿಯಬೇಕು, ಆಮೇಲೇ ಅತ್ತೆಯ ಬಾಯಿಗೆ ನೀರು. (ಅಲ್ಲಿಯವರೆಗೆ ನಮಗೂ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಇಳಿಸುತ್ತೇವೆ, ಅದು ಬೇರೆ ಮಾತು.)

ಕಾಯಿಲ್ ಆಗಾಗ ತುಂಡಾಗುತ್ತಿತ್ತು. ಅತ್ತೆ ಪ್ಲಗ್ ತೆಗೆದು, ಸುಟ್ಟ ತುದಿಗಳನ್ನು ಕತ್ತರಿಸಿ ಒಗೆದು, ಉಳಿದದ್ದನ್ನು ಎಳೆದು ಹೆಣೆದುಬಿಡುತ್ತಿದ್ದರು. ಹಾಗೆ ಹೆಣೆದಾಗಲೆಲ್ಲ ಹುಗ್ಗಿ ಮೊದಲಿಗಿಂತ ಬೇಗ ಕುದಿಯುತ್ತಿತ್ತು.

"ಹಳೇ ಸಾಮಾನು ಅಂದ್ರ ಹಿಂಗಿರತೈತಿ ನೋಡು. ವಯಸ್ಸಾದಂಗ ಚುರುಕಾಗೈತಿ," ಎಂದು ನನ್ನ ಕಡೆ ನೋಡುತ್ತಿದ್ದರು. ಅವರು ಒಲೆಯ ಬಗ್ಗೆ ಮಾತ್ರ ಹೇಳುತ್ತಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು.

ಸಾಕೆಟ್ ಸುಟ್ಟ ದಿನ ನಮ್ಮನೆಯವರು ಗೊಬ್ಬರದ ಅಂಗಡಿ ಬಿಟ್ಟು ಓಡಿ ಬಂದರು. "ಯವ್ವಾ, ಇದನ್ನ ಇವತ್ತೇ ಒಗೀತೀನಿ. ಮನಿ ಹತ್ತಿ ಉರಿದ್ರ ಯಾರು ಹೊಣಿ?"

"ಒಗಿಯಪ್ಪ. ನಂಗೇನು, ಎರಡು ಬಾಳೆಹಣ್ಣು ಎಡಿ ಹಿಡಿದು ಅದನ್ನ ತಿಂದು ಇರ್ತೀನಿ."

ಮರುದಿನ ನಿಜಕ್ಕೂ ಹಾಗೇ ಇದ್ದರು. ಎಪ್ಪತ್ತು ದಾಟಿದ, ಬಿಪಿ ಗುಳಿಗೆ ನುಂಗುವ ಜೀವ. ಈ ಮನೆಯಲ್ಲಿ ಅವರದು ಅಂತ ಉಳಿದಿರುವುದು ಆ ಒಂದು ಒಲೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮನೆಯವರೆಲ್ಲ ಅದನ್ನು ಮರೆತಿದ್ದರಿಂದ ನೆನಪಿಸಲು ಇದೇ ಸಮಯ ಎನ್ನಿಸಿತು. "ಒಗೀಬ್ಯಾಡ್ರಿ, ತಪ್ಪು ಎಲ್ಲೈತಿ ಲೆಕ್ಕ ಮಾಡಿ ತೋರಸ್ತೀನಿ," ಎಂದೆ.

"ಆತು. ಆದ್ರ ಇನ್ನೊಂದು ಸಲ ಬೋರ್ಡ್ ಸುಟ್ರ ಒಲಿ ಸೀದಾ ತಿಪ್ಪಿಗೆ," ಎಂದರು ನಮ್ಮನೆಯವರು.

ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ಮೀಟರ್ ತರಿಸಿ, ಒಲೆಗೆ ಬೇರೆ ಪ್ಲಗ್ ಕಟ್ಟಿ ಅಡುಗೆಮನೆಯ ದೊಡ್ಡ ಪಾಯಿಂಟಿಗೆ ಹಾಕಿ ನೋಡಿದೆ. ವೋಲ್ಟೇಜ್ ಇನ್ನೂರ ಮೂವತ್ತು. (ನಮ್ಮ ಕಡೆ ಇದೇ ಒಂದು ಪವಾಡ.) ಕರೆಂಟ್ ಎಂಟು ಪಾಯಿಂಟ್ ಏಳು ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಸುಮಾರು ಇಪ್ಪತ್ತಾರೂವರೆ ಓಮ್. ಎರಡನ್ನೂ ಗುಣಿಸಿದರೆ ಪವರ್, ಎರಡು ಸಾವಿರ ವ್ಯಾಟ್. ಒಲೆ ತಂದಾಗ ಅದು ಸಾವಿರ ವ್ಯಾಟಿನದು, ರೋಧ ಐವತ್ತಮೂರು ಓಮಿನಷ್ಟು ಇರಬೇಕಿತ್ತು. ಬಾಗಿಲ ಬಳಿಯ ಸಾಕೆಟ್ ತಾಳುವುದು ಐದೇ ಆಂಪಿಯರ್. ಅದು ಕರಗದೆ ಇನ್ನೇನು ಮಾಡೀತು?

"ಕತ್ತರಿಸಿ ಕತ್ತರಿಸಿ ಕಾಯಿಲ್ ಅರ್ಧ ಆಗೈತ್ರಿ ಅತ್ತಿ. ಕರೆಂಟ್ ತಡಿಯೋದು ಅರ್ಧ ಆತು. ಅದಕ್ಕ ಹರಿಯೋದು ಡಬಲ್, ಕಾವೂ ಡಬಲ್."

ಅತ್ತೆ ಎಂದೂ ಇಲ್ಲದ ಗಮನ ಕೊಟ್ಟು ಕೇಳಿದರು. "ಅಂದ್ರ, ಕಾಲುವಿ ತೂಬು ದೊಡ್ಡದು ಮಾಡಿದಂಗ ಅನ್ನು."

ಎಂಥ ಹೋಲಿಕೆ! ನನ್ನ ಒಂಬತ್ತನೇ ಕ್ಲಾಸಿಗೆ ಇಷ್ಟು ಬೇಗ ಹೊಳೆದಿದ್ದಿಲ್ಲ. "ಹೌದ್ರಿ, ಹಂಗ," ಎಂದು ಹಿಗ್ಗಿದೆ.

ಹೊಸ ಸಾಕೆಟ್ ಬಂತು. ಹೊಸ ಕಾಯಿಲ್ ಬಂತು, ಸಾವಿರ ವ್ಯಾಟಿನದು. ಒಲೆ ಉಳಿಯಿತು. ಅತ್ತೆ ಮಾತ್ರ, "ಹೊಸಾದು ಭಾಳ ಮೈಗಳ್ಳ ಐತಿ," ಎಂದು ಗೊಣಗಿದರು. ಹೊಸದೆಲ್ಲವೂ ಅವರಿಗೆ ಹಾಗೇ, ನನ್ನನ್ನೂ ಸೇರಿಸಿ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇವತ್ತು ಬೆಳಿಗ್ಗೆ ಮತ್ತೆ ಅದೇ ಪ್ಲಾಸ್ಟಿಕ್ ಸುಟ್ಟ ಕಮಟು ವಾಸನೆ. ಓಡಿ ಹೋಗಿ ನೋಡಿದರೆ ಹುಗ್ಗಿ ಕೊತಕೊತ ಕುದಿಯುತ್ತಿದೆ, ಹೊಸ ಸಾಕೆಟ್ ಮುಟ್ಟಲಾರದಷ್ಟು ಬಿಸಿ. ಮೇನ್ ಸ್ವಿಚ್ ಆಫ್ ಮಾಡಿ ಬಂದು ಬಿಲ್ಲೆಯೊಳಗೆ ಬಗ್ಗಿ ನೋಡಿದೆ. ಕಾಯಿಲ್ ಸುರುಳಿ ಸಡಿಲಾಗಿ ಗೀರಿನುದ್ದಕ್ಕೂ ಜಗ್ಗಿಕೊಂಡು ಕೂತಿತ್ತು.

"ಅತ್ತಿ, ಹೊಸ ಕಾಯಿಲ್ ಯಾಕ ತುಂಡಾತ್ರಿ?"

"ತಾನಾಗಿ ಯಾಕ ತುಂಡಾದೀತು? ನಾನೇ ಸರಿ ಅರ್ಧಕ್ಕ ಕತ್ತರಿಸೀನಿ," ಎಂದರು, ಹೋಂವರ್ಕ್ ಒಪ್ಪಿಸುವವರ ಹಾಗೆ. "ಅರ್ಧ ಮಾಡಿದ್ರ ಕಾವು ಡಬಲ್ ಅಂತ ನೀನ ಹೇಳಿದ್ಯಲ್ಲ? ಉಳಿದರ್ಧ ಎತ್ತಿಟ್ಟೀನಿ, ಮುಂದಕ್ಕಾಗ್ತೈತಿ."

ತಪ್ಪು ಯಾರದು? ಕಾಲುವೆ ನೀರು ತಮ್ಮ ಗದ್ದೆಗೆ ಎರಡು ಬೆರಳು ಹೆಚ್ಚು ಬರಲೆಂದು ಜೀವಮಾನವಿಡೀ ಹೊಡೆದಾಡಿದವರ ಮುಂದೆ ನಿಂತು 'ಹರಿಯೋದು ಡಬಲ್' ಎಂದು ಹೇಳಿದರೆ, ಅದು ಅಪಾಯ ಎಂದು ಯಾರಿಗೆ ಕೇಳಿಸುತ್ತದೆ? ಹೆಲ್ಮೆಟ್ಟಿನಿಂದ ಹಿಡಿದು ಗದ್ದೆಗೆ ಹೊಡೆಯುವ ಔಷಧಿಯವರೆಗೆ ನಾವು ಹೇಳುವ ಎಚ್ಚರಿಕೆಗಳ ಹಣೆಬರಹವೇ ಇಷ್ಟು. ಜನ ಅದರಲ್ಲಿ ತಮಗೆ ಬೇಕಾದ ಅರ್ಧವನ್ನು ಬಹಳ ಸರಿಯಾಗಿ ಕಲಿಯುತ್ತಾರೆ.

ಅಷ್ಟರಲ್ಲಿ ಅಂಗಳದಿಂದ ನಮ್ಮನೆಯವರ ದನಿ ಬಂತು. "ಏನದು ವಾಸನಿ? ಎಲ್ಲಾ ಸರಿ ಐತಿಲ್ಲೋ?"

ಅತ್ತೆ ಇನ್ನೂ ನೀರು ಮುಟ್ಟಿರಲಿಲ್ಲ. ಹುಗ್ಗಿಯ ಪಾತ್ರೆಯ ಮೇಲೆ ಕೈ ಇಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು.

ನೀವೇ ಹೇಳಿ, ಲೆಕ್ಕವನ್ನು ಇಷ್ಟು ಸರಿಯಾಗಿ ಮಾಡಿದ ವಿದ್ಯಾರ್ಥಿಯನ್ನು ಯಾವ ಬಾಯಿಂದ ಫೇಲ್ ಮಾಡಲಿ?