ಮುನಿನಾರಾಯಣಮ್ಮನ ಬ್ಲೂಟೂತು

ಸಿಂಗಾಪುರದ ಮುನಿನಾರಾಯಣಮ್ಮನ ಫೋನು ಹಾಲಿನ ಬಕೆಟ್ಟಿಗೆ ಬಿದ್ದದ್ದು ಒಂದು ಸಲ ಅಲ್ಲ, ಮೂರು ಸಲ. ಮೊದಲನೇ ಸಲ ಒರೆಸಿ ಅಕ್ಕಿ ಡಬ್ಬದಲ್ಲಿ ಹೂತಿಟ್ಟಳು, ಬದುಕಿತು. ಎರಡನೇ ಸಲವೂ ಬದುಕಿತು, ಆದರೆ ಯಾರು ಮಾತಾಡಿದರೂ ಬಾವಿಯೊಳಗಿಂದ ಕೂಗಿದ ಹಾಗೆ ಕೇಳ್ತಿತ್ತು. ಮೂರನೇ ಸಲ, 2017ರ ಯುಗಾದಿ ಕಳೆದ ವಾರ, ಸತ್ತೇ ಹೋಯಿತು. ಆ ಹಾಲನ್ನು ಚೆಲ್ಲಿದಳೋ ಡೈರಿಗೆ ಹಾಕಿದಳೋ ಅಂತ ಮಾತ್ರ ಕೇಳಬೇಡಿ. ಆವತ್ತು ನಿಮ್ಮನೆ ಕಾಫಿ ಚೆನ್ನಾಗಿತ್ತು ತಾನೇ? ಸುಮ್ಮನಿರಿ.

ಸಿಂಗಾಪುರ ಅಂದ ತಕ್ಷಣ ವಿಮಾನ ಹತ್ತೋ ಜನ ಇದ್ದಾರೆ. ಇದು ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರ. ರಾಗಿ ಬೆಳೀತಿದ್ದ ಹೊಲ ಎಲ್ಲ ಲೇಔಟ್ ಆಗಿ, ಎರಡು ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ಉಳಿದಿರೋದು ಮುನಿನಾರಾಯಣಮ್ಮನ ಕೊಟ್ಟಿಗೆ, ಅದರಲ್ಲಿ ಎರಡು ಸೀಮೆಹಸು. ಸಗಣಿ ವಾಸನೆ ಅಂತ ಅರ್ಜಿ ಕೊಡೋ ಮಹಾನುಭಾವರೇ ಗೃಹಪ್ರವೇಶಕ್ಕೆ ಹಸು ಬೇಕು ಅಂತ ಬಂದು ಹಲ್ಲು ಕಿರೀತಾ ನಿಲ್ಲುತ್ತಾರೆ. ಮುನಿನಾರಾಯಣಮ್ಮ ಅವರನ್ನು ಅರ್ಧ ಗಂಟೆ ಬಿಸಿಲಲ್ಲಿ ಕಾಯಿಸಿಯೇ ಹಸು ಬಿಚ್ಚೋದು.

ಇನ್ನು ಫೋನಿನ ವಿಷಯ. ಮಗಳು ಧನಲಕ್ಷ್ಮಿಯನ್ನು ಕೊಟ್ಟಿರೋದು ನಾಗಸಂದ್ರಕ್ಕೆ. ಅವಳಿಗೆ ಯಶವಂತಪುರದ ಲ್ಯಾಬೊಂದರಲ್ಲಿ ಬೆಳಗಿನ ಶಿಫ್ಟು. ಮನೆಯಲ್ಲಿ ಫೋನ್ ಹಿಡಿದರೆ ಅತ್ತೆ ರತ್ನಕ್ಕ ಪಕ್ಕಕ್ಕೇ ಬಂದು ಕೂರ್ತಾಳೆ. ಲ್ಯಾಬಲ್ಲಿ ಫೋನು ಲಾಕರಿನಲ್ಲಿ. ವಾಪಸ್ ಬರೋವಾಗ ಗಂಡ ಬೈಕಲ್ಲಿ ಕರ್ಕೊಂಡು ಬರ್ತಾನೆ. ಉಳಿದದ್ದು ಬೆಳಗ್ಗೆ ಆರಕ್ಕೆ ಮನೆಯಿಂದ ಮೆಟ್ರೋ ಸ್ಟೇಷನ್ನಿಗೆ ಒಬ್ಬಳೇ ನಡೆಯೋ ಎಂಟು ನಿಮಿಷ. ಆರಕ್ಕೆ ಸರಿಯಾಗಿ ಅಮ್ಮನ ಎರಡೂ ಕೈ ಕೆಚ್ಚಲಲ್ಲಿ! ಕರೆಯೋದನ್ನ ತಡ ಮಾಡೋ ಹಾಗಿಲ್ಲ, ಆರೂವರೆಗೆ ಡೈರಿ ಬಾಗಿಲು ಹಾಕ್ತಾರೆ. ಮುನಿನಾರಾಯಣಮ್ಮನ ಗಂಡ ಮುನಿಕೃಷ್ಣಪ್ಪ ಹಾಲು ಕರೆಯಬಹುದಿತ್ತಲ್ಲ ಅಂತೀರಾ? 2009ರಲ್ಲಿ ಒಂದು ಸಲ ಕೂತ. ಹಸು ಜಾಡಿಸಿ ಒದ್ದ ಕಥೆಯನ್ನ ಇವತ್ತಿಗೂ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗ್ತಾನೆ.

ಒಂದು ತಿಂಗಳಿಂದ ಧನಲಕ್ಷ್ಮಿ, "ಅಮ್ಮ, ನಿಂಗೊಂದು ವಿಷ್ಯ ಹೇಳ್ಬೇಕು," ಅಂತ ಶುರು ಮಾಡೋದು, ಅಷ್ಟರಲ್ಲಿ ಭುಜಕ್ಕೂ ಕಿವಿಗೂ ಮಧ್ಯೆ ಸಿಕ್ಕಿಸಿದ ಫೋನು ಜಾರೋದು. ಮೂರನೇ ಸಲ ಹಾಲಿಗೆ ಬಿದ್ದದ್ದು ಆ ಮಾತಿನ ಮೇಲೇ. ಅಮ್ಮನಿಗೆ ಅನ್ನ ಸೇರಲಿಲ್ಲ. ಹೊಡೀತಾನಾ ಗಂಡ? ಕಾಯಿಲೆಯಾ? ಹೊಸ ಫೋನು ಬಂದ ಮೇಲೂ ಹೆದರಿಕೆ ಹೋಗಲಿಲ್ಲ. ಮಾತು ಪೂರ್ತಿ ಕೇಳಲೇಬೇಕು ಅಂತ ಗಂಡನನ್ನ ಎಳ್ಕೊಂಡು ವಾಜಿದ್‌ನ ಮೊಬೈಲ್ ಅಂಗಡಿಗೆ ಹೋದಳು.

ವಾಜಿದ್ ಗಾಜಿನ ಮೇಲೆ ನಾಲ್ಕು ಬ್ಲೂಟೂತು ಸಾಲಾಗಿ ಇಟ್ಟ. ಮೊದಲನೇದಕ್ಕೆ ಕಿವಿ ಹಿಂದೆ ಸಿಕ್ಕಿಸೋ ಕೊಕ್ಕೆ. ಮುನಿನಾರಾಯಣಮ್ಮನ ಕಿವಿಯಲ್ಲಿ ಜಾಗವೆಲ್ಲಿ? ಓಲೆ, ಓಲೆಗೆ ಜುಮಕಿ, ಅಲ್ಲಿಂದ ಕಿವಿ ಮೇಲೆ ಹಾದು ಕೂದಲಿಗೆ ಸಿಕ್ಕಿಸೋ ಚಿನ್ನದ ಮಾಟಿ.

"ಆ ಕಿವಿ ಸರ ಒಂದು ಬಿಚ್ಚಿಬಿಡಿ ಅಮ್ಮ, ಸರಿಯಾಗಿ ಕೂರುತ್ತೆ," ಅಂದ ವಾಜಿದ್.

"ನಮ್ಮೆಜಮಾನ್ರು ಅಗೋ ಅಲ್ಲೇ ಬೀಡಿ ಸೇದ್ತಾ ನಿಂತವ್ರೆ ಕಣಪ್ಪ. ಇನ್ನೂ ಬದುಕವ್ರೆ. ಆಮೇಲೆ ಬಿಚ್ತೀನಿ, ಸ್ವಲ್ಪ ತಡ್ಕೋ."

ಹೊರಗೆ ಮುನಿಕೃಷ್ಣಪ್ಪ ಕೆಮ್ಮಿದ.

ಎರಡನೇದು ಕುತ್ತಿಗೆಗೆ ಹಾಕೋ ಪಟ್ಟಿ. "ಕುತ್ತಿಗೆಗೆ ಪಟ್ಟಿ ಕಟ್ಟೋದು ಹಸೂಗೆ. ನಂಗ್ಯಾಕೋ?" ಮೂರನೇದು ತಲೆ ಮೇಲಿಂದ ಹಾಕೋದು. ಹಾಕ್ಕೊಂಡು ಕನ್ನಡಿ ನೋಡಿದಳು, ಜಕ್ಕೂರಲ್ಲಿ ವಿಮಾನ ಕಲಿಯೋರ ಹಾಗೆ ಕಂಡಳು, ತೆಗೆದು ಕುಕ್ಕಿದಳು. ನಾಲ್ಕನೇದು ಅವರೆಕಾಳಿಗಿಂತ ಚೂರು ದೊಡ್ಡದು. ಕೊಕ್ಕೆ ಇಲ್ಲ, ಪಟ್ಟಿ ಇಲ್ಲ, ಕಿವಿ ತೂತಿಗೆ ತುರುಕಿದರೆ ಮುಗೀತು, ಮಾಟಿಗೂ ತಗಲೋದಿಲ್ಲ.

"ಇದು ಬೇಡ ಅಮ್ಮ, ಆ ಪಟ್ಟೀದೇ ತಗೊಳ್ಳಿ," ಅಂದ ವಾಜಿದ್. "ಇದರ ಮೈಯೆಲ್ಲ ಬಟನ್ನೇ. ಒಂದು ಸಲ ಒತ್ತಿದ್ರೆ ಕಾಲ್ ಕಟ್. ಎರಡು ಸಲ ಒತ್ತಿದ್ರೆ ನೀವು ಕೊನೇಲಿ ಯಾರಿಗೆ ಫೋನ್ ಮಾಡಿದ್ರೋ ಅವ್ರಿಗೇ ತಿರುಗಾ ಹೋಗುತ್ತೆ."

"ನನ್ನ ಕಿವೀನ ಯಾವನಪ್ಪ ಒತ್ತಕ್ಕೆ ಬರ್ತಾನೆ?" ಅಂದು ಅದನ್ನೇ ಕಟ್ಟಿಸಿಕೊಂಡಳು. ಅಂಗಡಿಯಲ್ಲಿ ನಾಲ್ಕು ಸಲ ಹಾಕಿ ತೆಗೆದು, ಮಾತಾಡಿ, ತಲೆ ಅಲ್ಲಾಡಿಸಿ ಪರೀಕ್ಷೆ ಮಾಡಿದ್ದೂ ಆಯಿತು. ಒಂದು ಮಾತ್ರ ಮರೆತಿದ್ದಳು. ಅಂಗಡಿಯಲ್ಲಿ ಹಸು ಇರಲಿಲ್ಲ.

ಹಾಲು ಕರೆಯೋರು ಹಸುವಿನ ಹೊಟ್ಟೆಗೆ ತಲೆ ಆನಿಸಿ ಕೂರ್ತಾರೆ. ಒದೆಯೋದಕ್ಕೆ ಮುಂಚೆ ಹೊಟ್ಟೆ ಬಿಗಿಯಾಗುತ್ತೆ, ಆನಿಸಿದ ತಲೆಗೆ ಅದು ಗೊತ್ತಾಗುತ್ತೆ. ಮುನಿನಾರಾಯಣಮ್ಮ ಹದಿಮೂರನೇ ವಯಸ್ಸಿಂದ ಬಲಗಿವಿ ಒತ್ತಿಯೇ ಕೂತವಳು. ಫೋನು ಸಿಕ್ಕಿಸೋವಾಗ ಮಾತ್ರ ತಲೆ ಎತ್ತಬೇಕಾಗ್ತಿತ್ತು. ಎಡಗಿವಿ ಚಿಕ್ಕಂದಿನಲ್ಲೇ ಸೋರಿ ಮಂದ, ಹಾಗಾಗಿ ಬ್ಲೂಟೂತು ಹೋಗಿ ಕೂತದ್ದು ಬಲಗಿವಿಯಲ್ಲೇ.

ಆವತ್ತು ಸಂಜೆ ಬೀಗಿತ್ತಿ ರತ್ನಕ್ಕನಿಗೆ ಫೋನ್ ಮಾಡಿ, ಭಾನುವಾರ ಮುನೇಶ್ವರನಿಗೆ ಪರ ಇಟ್ಕೊಂಡಿದ್ದೀವಿ, ಬಾಡೂಟಕ್ಕೆ ಬರಲೇಬೇಕು ಅಂತ ಬೆಣ್ಣೆ ಹಚ್ಚಿ ಕರೆದಳು. ಆಮೇಲೆ ಯಾರಿಗೂ ಮಾಡಲಿಲ್ಲ.

ಮಾರನೇ ಬೆಳಗ್ಗೆ ಆರಕ್ಕೆ ಫೋನು ಸೊಂಟದಲ್ಲಿ, ಅವರೆಕಾಳು ಕಿವಿಯಲ್ಲಿ, ಎರಡೂ ಕೈ ಕೆಲಸದಲ್ಲಿ. ಆಹಾ, ಫೋನ್ ಮಾಡಿದ ಮಗಳು ಪಕ್ಕದಲ್ಲೇ ಕೂತ ಹಾಗೆ ಕೇಳಿಸಿತು. ಖುಷಿಗೆ ತಲೆಯನ್ನು ಹಸುವಿನ ಹೊಟ್ಟೆಗೆ ಆನಿಸಿದಳು.

"ಅಮ್ಮ, ನಂಗೆ ಮೂರು ತಿಂಗ್ಳು," ಅಂದಳು ಧನಲಕ್ಷ್ಮಿ. "ಅತ್ತೆಗೆ ಹೇಳಿಲ್ಲ ಕಣಮ್ಮ. ಗೊತ್ತಾದ್ರೆ ಕೆಲಸ ಬಿಡಿಸ್ತಾರೆ. ಆಮೇಲೆ ನಿನ್ ಹತ್ರ ಮಾತಾಡೋಕೂ ಆಗಲ್ಲ."

ಮದುವೆಯಾಗಿ ನಾಲ್ಕು ವರ್ಷ! ಮುನಿನಾರಾಯಣಮ್ಮನ ಕಣ್ಣಲ್ಲಿ ನೀರು ಸುರೀತು. ಅದೇ ಹೊತ್ತಿಗೆ ಹಸುವಿನ ಮೈಮೇಲೆ ನೊಣ ಕೂತಿತು. ಹಸು ಚರ್ಮ ಅದುರಿಸಿತು. ಒಂದು ಸಲ. ಆಮೇಲೆ ಇನ್ನೆರಡು ಸಲ.

ಕಿವಿಯಲ್ಲಿ ಏನೋ ಕುಯ್ಯಿ ಅಂದದ್ದನ್ನ ಅಳೋ ಹೆಂಗಸು ಯಾಕೆ ಲೆಕ್ಕಕ್ಕಿಟ್ಟಾಳು? ಮೂಗು ಒರೆಸಿಕೊಂಡು, ಅತ್ತ ಕಡೆ ಯಾರೋ "ಹಲೋ" ಅಂದದ್ದನ್ನೂ ನುಂಗಿಕೊಂಡು, ಬಾಯಿ ಬಿಟ್ಟಳು ನೋಡಿ.

"ನನ್ನ ಬಂಗಾರ, ಮೂರು ತಿಂಗ್ಳಾ! ಆ ಮುದುಕಿಗೆ ಮಾತ್ರ ಬಾಯಿ ಬಿಡಬೇಡ ಕಣೇ. ಕೆಲಸ ಬಿಟ್ರೆ ಬೆಳಗಿಂದ ಬೈಗಿನ ತನಕ ಅವಳ ಆ ಹರಳೆಣ್ಣೆ ಮುಖ ನೋಡ್ಕೊಂಡು ಕೂರ್ಬೇಕು. ಭಾನುವಾರ ಬಾಡೂಟಕ್ಕೆ ಬರ್ತಾಳಲ್ಲ, ಎಲೆ ತುಂಬ ಮೂಳೆ ಬಡಿಸ್ತೀನಿ, ಕಡೀತಾ ಬಿದ್ದಿರ್ಲಿ."

ಇನ್ನೆರಡು ಧಾರೆ ಹಾಲು ಕರೆದಳು.

"ಧನಾ? ಏ ಧನಾ?"

"ನಾರಾಯಣಮ್ಮೋರೇ," ಅಂತು ಕಿವಿ. "ನಾನು ಮುದುಕಿ ಮಾತಾಡ್ತಾ ಇದೀನಿ."

ಮುನಿನಾರಾಯಣಮ್ಮನ ಕೈ ನಿಂತೇ ಹೋಯಿತು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಮುಗೀತು, ಮಗಳ ಸಂಸಾರಕ್ಕೆ ನನ್ನ ಕೈಯಾರೆ ಬೆಂಕಿ ಇಟ್ಟೆ ಅಂದುಕೊಂಡಳು. "ಅಯ್ಯೋ ರತ್ನಕ್ಕ... ತಪ್ಪಾಯ್ತು..." ಅನ್ನೋಕೆ ಹೋದರೆ ಅತ್ತ ಕಡೆ ಆ ಹೆಂಗಸು ಅಳ್ತಿದ್ದಾಳೆ!

"ಬೆಳ್ ಬೆಳಗ್ಗೆ ಫೋನ್ ಬಂತಲ್ಲ, ಯಾರು ಹೋದ್ರೋ ಅಂತ ಎದೆ ಧಸಕ್ ಅಂತು. ಇಂಥಾ ಸುದ್ದೀನಾ? ನಾನೇನು ರಾಕ್ಷಸಿ ಏನ್ರೀ, ನನ್ನ ಹತ್ರ ಮುಚ್ಚಿಡೋಕೆ? ಕೆಲಸ ಬಿಡು ಅಂತ ಯಾರಂದ್ರು? ಹೋಗ್ಲಿ, ಆಗೋ ತನಕ ಹೋಗ್ಲಿ. ಮೂಳೆ ಬೇರೆ ಬಡಿಸ್ತೀರಂತೆ, ಬಡಿಸಿ, ನಂಗೆ ಹಲ್ಲು ಗಟ್ಟಿಯಾಗೇ ಇದೆ."

ಮುನಿನಾರಾಯಣಮ್ಮ ಅತ್ತಳು, ನಕ್ಕಳು, ಹಸುವಿನ ಬೆನ್ನಿಗೆ ಕೈ ಮುಗಿದಳು. ಎದ್ದುಹೋಗಿ ಮಲಗಿದ್ದ ಮುನಿಕೃಷ್ಣಪ್ಪನನ್ನ ಒದ್ದು ಎಬ್ಬಿಸಿ, "ಅಜ್ಜ ಆಗ್ತಾ ಇದೀಯ, ಎದ್ದೇಳು," ಅಂದಳು. ಎರಡೂ ಸಿಕ್ಕಿತಲ್ಲ, ಕೆಲಸವೂ ಉಳಿಯಿತು, ಬೀಗಿತ್ತಿಯೂ ದಾರಿಗೆ ಬಂದಳು ಅಂತ ಇಡೀ ದಿನ ಬೀಗಿದ್ದೇ ಬೀಗಿದ್ದು. ರತ್ನಕ್ಕ ಫೋನಿಡೋ ಮುಂಚೆ ಅಂದ ಕೊನೇ ಮಾತನ್ನ ಆ ಸಂಭ್ರಮದಲ್ಲಿ ಯಾರು ಕೇಳಿಸ್ಕೊಂಡರು? "ಬಸುರಿ ಹೆಣ್ಣು, ಆ ಬೀದಿ ನಾಯಿಗಳ ಮಧ್ಯೆ ಒಬ್ಬಳೇ ಯಾಕೆ ಹೋಗ್ಬೇಕು? ನಾಳೆಯಿಂದ ಸ್ಟೇಷನ್ ತನಕ ನಾನೇ ಬಿಟ್ಟು ಬರ್ತೀನಿ."

ಮಾರನೇ ಬೆಳಗ್ಗೆ ಆರಕ್ಕೆ ಫೋನು ಬಂತು.

"ಅಮ್ಮ," ಅಂದಳು ಧನಲಕ್ಷ್ಮಿ. ಬೈಗುಳ ಎಲ್ಲ ಆ ಒಂದು ಮಾತಲ್ಲೇ ಇತ್ತು. ಆಮೇಲೆ ಜೋರಾಗಿ, "ಕಾಫಿ ಆಯ್ತಾ? ಅತ್ತೆ ಜೊತೇಲೇ ಬರ್ತಿದಾರೆ ಅಮ್ಮ."

"ರಾತ್ರಿ ನಿದ್ದೆ ಬಂತಾ? ವಾಂತಿ ಆಗ್ತಿದ್ಯಾ? ನಿಜ ಹೇಳು, ಹುಳಿ ಏನಾದ್ರೂ..."

"ಕೊಡೇ ಇಲ್ಲಿ, ನಾನು ಮಾತಾಡ್ತೀನಿ," ಅಂತ ರತ್ನಕ್ಕನ ದನಿ ನುಗ್ಗಿತು. ಪಾಪ, ಪ್ರೀತಿಯಿಂದಲೇ ಮಾತಾಡಿದಳು. ಸೊಸೆ ಏನು ತಿಂದಳು, ಎಷ್ಟು ಬಿಟ್ಟಳು, ಯಾವ ಡಾಕ್ಟರು ಒಳ್ಳೆಯವರು ಅಂತ ಬಿಡದೆ ಹೇಳಿದಳು. ಮುನಿನಾರಾಯಣಮ್ಮ ಒಂದೂ ಹನಿ ಚೆಲ್ಲದೆ ಹಾಲು ಕರೀತಾ, "ಹ್ಞೂಂ ರತ್ನಕ್ಕ, ಹೌದು ರತ್ನಕ್ಕ," ಅಂತಾ ಕೂತಳು. ಫೋನು ತಿರುಗಿ ಮಗಳ ಕೈಗೆ ಬರೋ ಹೊತ್ತಿಗೆ ರೈಲು ಬಂದಿತ್ತು.