ನಾನು ಹೋಗದ ಮನೆ

ಅಮಾವಾಸ್ಯೆಗೊಮ್ಮೆ ನಮ್ಮವ್ವ ಅಂಗಡಿಯ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಿದ್ದಳು. ನಾನು ನಗುತ್ತಿದ್ದೆ. ದೆವ್ವ, ಗಾಳಿ, ಶಕುನ ಎಲ್ಲ ಕೆಲಸವಿಲ್ಲದವರ ಮಾತು ಎಂಬುದು ನನ್ನ ವಾದ. ಹೆಚ್ಚುಕಡಿಮೆ ಈಗಲೂ ಅದೇ ವಾದ. ಆದರೆ ಒಂದು ಮಧ್ಯಾಹ್ನ ನಡೆದದ್ದು ಮಾತ್ರ ಆ ವಾದದೊಳಗೆ ಕೂಡಲಿಲ್ಲ. ಇಷ್ಟು ವರ್ಷ ಅದನ್ನು ಯಾರಿಗೂ ಹೇಳಿಲ್ಲ. ಕೇಳಿದವರು ನಂಬದಿದ್ದರೆ ನನಗೇನೂ ಆಗುತ್ತಿರಲಿಲ್ಲ. ನಂಬಿದರೆ ನನ್ನನ್ನು ಎಂಥವನೆಂದು ತಿಳಿದಾರು ಎಂಬ ನಾಚಿಕೆಯೇ ಬಾಯಿ ಕಟ್ಟಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗಡಹಿಂಗ್ಲಜದಲ್ಲಿ ನಮ್ಮದು ಬೆಲ್ಲದ ವ್ಯಾಪಾರ. ನಾನು ಅಂಗಡಿಯಲ್ಲಿ ಕೂಡಲಾರೆ, ಜನರಿಗೆ ಉಪಯೋಗವಾಗುವ ಕೆಲಸ ಮಾಡುತ್ತೇನೆ ಎಂದು ಹಟ ಹಿಡಿದು ಕೊಲ್ಹಾಪುರದ ಒಂದು ಕಾಲೇಜಿನಲ್ಲಿ ಸಮಾಜಕಾರ್ಯದ ಕೋರ್ಸಿಗೆ ಸೇರಿದೆ. ಊರ ಉಸಾಬರಿ ಮಾಡಲಿಕ್ಕೂ ಈಗ ಕಾಲೇಜು ಬೇಕಾಯಿತೇ ಎಂದು ಅಪ್ಪ ಹಂಗಿಸಿದ. ನನಗೆ ಅದೂ ಹೊಗಳಿಕೆಯಂತೆಯೇ ಕೇಳಿತ್ತು.

ತರಗತಿಯಲ್ಲಿ ಕನ್ನಡ ಬರುವವನು ನಾನೊಬ್ಬನೇ. ಉಳಿದವರೆಲ್ಲ ಮರಾಠಿ. ಹಾಗಾಗಿ ಇಚಲಕರಂಜಿಯ ಶಹಾಪುರ ಬಡಾವಣೆಯಲ್ಲಿದ್ದ ಕನ್ನಡ ಮನೆಗಳು ನನ್ನ ಪಾಲಿಗೆ ಬಂದವು. ಗಡಿಯ ಹಳ್ಳಿಗಳಿಂದ ಬಂದು ವಿದ್ಯುತ್ ಮಗ್ಗ ನಡೆಸುತ್ತಿದ್ದ ಜನ ಅವರು. ಪ್ರತಿ ಮಂಗಳವಾರ ಅಲ್ಲಿಗೆ ಹೋಗಿ ಒಂದೊಂದು ಮನೆ ನೋಡಿ ಬರಬೇಕು. ಮರುದಿನ ವರದಿ ಕೊಡಬೇಕು. ಆ ವರದಿಗೆ ಒಂದು ಕ್ರಮವಿತ್ತು: ನೀವು ಏನು ಅಂದಿರಿ, ಅವರು ಏನು ಅಂದರು, ಎಲ್ಲಿ ಕೂತಿರಿ, ಏನು ಕಂಡಿರಿ, ಎಲ್ಲವನ್ನೂ ನಡೆದದ್ದು ನಡೆದಂತೆ ಮರಾಠಿಯಲ್ಲಿ ಬರೆಯಬೇಕು. ನಮಗೆ ಕಲಿಸುತ್ತಿದ್ದ ಮೇಡಮ್ಮಿಗೆ ಮನೆಯವರ ವಿಶ್ವಾಸ ಗಳಿಸಿದ ಹುಡುಗರ ಮೇಲೆ ಬಹಳ ಪ್ರೀತಿ.

ಆ ಮಂಗಳವಾರ ನನ್ನ ಪಟ್ಟಿಯಲ್ಲಿದ್ದವಳು ಬಾಳವ್ವ ಎಂಬ ಮುದುಕಿ. ಅಲ್ಲಿನ ದವಾಖಾನೆಯವರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟು: ಮೊದಲು ಕುರಿ ಕಾಯುತ್ತಿದ್ದ ಮನೆತನ, ಒಬ್ಬನೇ ಮಗ, ಮಗ್ಗದ ಕೆಲಸ, ತಿಂಗಳುಗಟ್ಟಲೆ ಕೆಮ್ಮು, ಚಿಕಿತ್ಸೆಗೆ ಬಂದಿಲ್ಲ. ನಾನು ಹೋಗಿ, ತಿಳಿಸಿ ಹೇಳಿ, ಅವನನ್ನು ಕೊಲ್ಹಾಪುರದ ದೊಡ್ಡ ದವಾಖಾನೆಗೆ ಕರೆತರಬೇಕಿತ್ತು.

ನಾನು ಹೋಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹಾಸ್ಟೆಲಿನ ಮೂವರು ಗೆಳೆಯರು ಸಿಕ್ಕರು, ಅವರ ಜೊತೆ ಮ್ಯಾಟಿನಿ ಸಿನಿಮಾಕ್ಕೆ ಹೋದೆ. ಮಧ್ಯಾಹ್ನ ಮೂರರಿಂದ ಆರರವರೆಗೆ ನಾನು ಅವರ ನಡುವೆ ಕೂತು ಶೇಂಗಾ ತಿನ್ನುತ್ತಿದ್ದೆ. ಇದನ್ನು ಮುದ್ದಾಂ ಹೇಳುತ್ತಿದ್ದೇನೆ, ನೆನಪಿಟ್ಟುಕೊಳ್ಳಿ.

ರೂಮಿಗೆ ಬಂದು ವರದಿ ಬರೆದೆ. ಸುಳ್ಳನ್ನು ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಬರೆದೆ. ಕುರಿಯವರ ಮನೆ ಅಂದಮೇಲೆ ಬಾಗಿಲಿಗೆ ಒಂದು ಕುರಿಗಂಟೆ ಕಟ್ಟಿದೆ ಎಂದೆ. ಒಳಗೆ ಹೋಗುವಾಗ ಅದು ನನ್ನ ತಲೆಗೆ ಬಡಿಯಿತು, ಮುದುಕಿ ನಕ್ಕಳು ಎಂದೆ. ಕಿವಿ ಮುರಿದ ಕಪ್ಪಿನಲ್ಲಿ ಬೆಲ್ಲದ ಚಹಾ ಕೊಟ್ಟಳು ಎಂದೆ. ಕೊನೆಗೆ ಮೇಡಮ್ಮಿಗೆ ಹಿಡಿಸಲಿ ಎಂದು ಒಂದು ಮಾತು ಸೇರಿಸಿದೆ: 'ಗುರುವಾರ ಹನ್ನೊಂದು ಗಂಟೆಗೆ ನಾನೇ ಬಂದು ಕರೆದೊಯ್ಯುತ್ತೇನೆ, ಬೇರೆ ಯಾರ ಜೊತೆಗೂ ಕಳಿಸಬೇಡಿ ಎಂದು ಹೇಳಿದೆ. ಆಕೆ ನನ್ನ ಕೈ ಹಿಡಿದು ಒಪ್ಪಿದಳು.' ಗುರುವಾರ ನಿಜವಾಗಿಯೂ ಹೋದರಾಯಿತು ಎಂದು ನನ್ನ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಬುಧವಾರ ವರದಿ ಓದಿದ ಮೇಡಂ ಅದನ್ನು ಇಡೀ ತರಗತಿಗೆ ಓದಿ ಹೇಳಲು ನನಗೇ ಹೇಳಿದರು. ಗುರುವಾರ ಹನ್ನೊಂದಕ್ಕೆ. ಆ ದಿನ ಅದೇ ಹೊತ್ತಿಗೆ ನಾನು ಶಹಾಪುರದಲ್ಲಿ ಇರುತ್ತೇನೆಂದು ಬರೆದಿರುವುದು ಅವರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಿತು. ಆದರೆ ಎಲ್ಲರ ಮುಂದೆ ನಿಂತು ಓದುವ ಆಸೆಗೆ ಸುಮ್ಮನಿದ್ದೆ. ಓದಿ ಮುಗಿಸಿದಾಗ ಚಪ್ಪಾಳೆ ಬಿತ್ತು. ಮುಂದಿನ ಮಂಗಳವಾರ ಹಬ್ಬದ ರಜೆ, ಅದರಾಚೆಯ ಮಂಗಳವಾರ ಆ ಮನೆಗೆ ತಾವೂ ಬರುವುದಾಗಿ ಮೇಡಂ ಹೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದಾಯಿತು.

ಅವರು ಬರುವ ಹಿಂದಿನ ದಿನ, ಸೋಮವಾರ, ಕಾಲೇಜು ತಪ್ಪಿಸಿ ನಾನೊಬ್ಬನೇ ಇಚಲಕರಂಜಿಗೆ ಹೋದೆ. ಆ ಮಗನ ಕೆಮ್ಮು ಹೇಗಿದೆ ಎಂದು ನೋಡಲು ಹೋದೆನೆಂದು ತಿಳಿಯಬೇಡಿ. ಮುದುಕಿಯ ಕೈಗೆ ಒಂದು ಡಜನ್ ಬಾಳೆಹಣ್ಣು ಕೊಟ್ಟು, 'ಈ ಹುಡುಗ ಮೊದಲೇ ಒಮ್ಮೆ ಬಂದಿದ್ದ' ಎಂದು ಮೇಡಮ್ಮಿಗೆ ಹೇಳುವಂತೆ ಬೇಡಿಕೊಳ್ಳಲು ಹೋಗಿದ್ದೆ.

ಅಂದು ಮಗ್ಗಗಳಿಗೆ ಕರೆಂಟ್ ಇಲ್ಲದ ವಾರದ ರಜೆ. ಸದಾ ಖಟಖಟ ಎನ್ನುವ ಶಹಾಪುರ ತಣ್ಣಗಿತ್ತು. ವಿಚಾರಿಸುತ್ತ ಹೋಗಿ ಬಾಳವ್ವನ ಮನೆ ಮುಟ್ಟಿದಾಗ ಮಧ್ಯಾಹ್ನ ಮೂರಾಗಿರಬೇಕು. ತಗಡಿನ ಸಾಲುಮನೆ, ಬಾಗಿಲು ಗಿಡ್ಡ. ಬಿಸಿಲಿನಿಂದ ನೆರಳಿಗೆ ಬಂದವನಿಗೆ ಕಣ್ಣು ಕತ್ತಲೆಗಟ್ಟಿತ್ತು. ಒಳಗೆ ಕಾಲಿಡುವಾಗ ಏನೋ ಹಣೆಗೆ ಬಡಿದು ಠಣ್ ಎಂದಿತು. ತಲೆ ಎತ್ತಿ ನೋಡಿದೆ. ಹಗ್ಗಕ್ಕೆ ಕಟ್ಟಿದ ಹಿತ್ತಾಳೆಯ ಕುರಿಗಂಟೆ.

ಒಳಗಿನಿಂದ ಮುದುಕಿಯ ದನಿ ಬಂತು. "ಇವತ್ತೂ ಬಡಿಸ್ಕೊಂಡಿ ನೋಡ್. ಆವತ್ತ ಹೇಳಿದ್ನೆಲ್ಲೋ ತಮ್ಮಾ, ಬಗ್ಗಿ ಬಾ ಅಂತ."

ತೂಗುತ್ತಿದ್ದ ಗಂಟೆಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದೆ. ಸುಳ್ಳೇಕೆ ಹೇಳಲಿ, ಎಲ್ಲಕ್ಕಿಂತ ಮೊದಲು ನನಗೆ ಆದದ್ದು ನೆಮ್ಮದಿ. ಯಾರನ್ನೋ ನಾನೆಂದು ತಿಳಿದಿದ್ದಾಳೆ, ನನ್ನ ಕೆಲಸ ಹಗುರಾಯಿತು ಎಂದುಕೊಂಡೆ. ಹಾಗೆಂದುಕೊಂಡ ಆ ಕ್ಷಣ ಈಗಲೂ ನನ್ನ ಮೈ ಸುಡುತ್ತದೆ.

ಆಮೇಲೆ ಅವಳ ಮುಖ ಕಂಡಿತು. ಗೋಡೆಗೆ ಒರಗಿ ಕೂತಿದ್ದಳು. ಮೂಲೆಯಲ್ಲಿ ಮಡಿಚಿಟ್ಟ ಕಂಬಳಿ, ಅದರ ಮುಂದೆ ಒಂದು ಎಣ್ಣೆಯ ದೀಪ. ಮಗ ಎಲ್ಲಿ ಎಂದು ಕೇಳುವ ಅಗತ್ಯವೇ ಉಳಿಯಲಿಲ್ಲ.

"ನೀ ಬಂದ್ಹೋದ ಮರುದಿನ, ಬುಧವಾರ, ನಮ್ಮ ಅಣ್ಣನ ಮಗ ಬಂದಿದ್ದ. ದವಾಖಾನಿಗೆ ಒಯ್ತೀನಿ ಅಂದ. ನಾನ ಬ್ಯಾಡ ಅಂದ್ನಿ. ಕಾಲೇಜಿನ ತಮ್ಮ ಗುರುವಾರ ಹನ್ನೊಂದಕ್ಕ ತಾನ ಬರ್ತಾನ, ಬ್ಯಾರೆ ಯಾರ ಕೂಡಾನೂ ಕಳಸಬ್ಯಾಡ್ರಿ ಅಂದಾನ ಅಂತ ಹೇಳಿ ಹಿಂದಕ್ಕ ಕಳಿಸಿದ್ನಿ."

ಆ ಅಣ್ಣನ ಮಗ ಕೊಲ್ಹಾಪುರದ ಹತ್ತಿರದ ಗೋಕುಳ-ಶಿರಗಾಂವ ಎಂಬಲ್ಲಿನ ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ಒಂದೇ ದಿನದ ರಜೆ ಹಾಕಿ, ಗೆಳೆಯನ ಟೆಂಪೊ ತಂದಿದ್ದ. ಗುರುವಾರ ಮಗನಿಗೆ ಒಗೆದ ಅಂಗಿ ತೊಡಿಸಿ ಸಂಜೆತನಕ ಹೊಸ್ತಿಲಲ್ಲಿ ಕೂಡಿಸಿದ್ದಳಂತೆ. ಭಾನುವಾರ ರಕ್ತ ಕಾರಿ ಮಗ ಹೋಗಿಬಿಟ್ಟ. ಇದನ್ನೆಲ್ಲ ಅವಳು ಬೈಯದೆ, ಅಳದೆ ಹೇಳಿದಳು. ಹೇಳುತ್ತಲೇ ಒಲೆಯ ಮೇಲಿದ್ದ ಚಹಾ ಬಸಿದು ನನ್ನ ಮುಂದಿಟ್ಟಳು. ಕಪ್ಪಿಗೆ ಕಿವಿ ಇರಲಿಲ್ಲ.

"ಯಾಕ ಬರಲಿಲ್ಲೋ ತಮ್ಮಾ?" ಎಂದಳು.

ನಾನು ಬಂದೇ ಇರಲಿಲ್ಲ, ಇವತ್ತೇ ಮೊದಲು ಈ ಹೊಸ್ತಿಲು ದಾಟಿದ್ದು ಎಂದು ಹೇಳಲು ಅದೇ ಹೊತ್ತು. ಆದರೆ "ಕಾಲೇಜಿನಾಗ ಕೆಲಸಿತ್ರಿ ಅವ್ವಾ" ಎಂದೆ. ಹಾಗೆ ಅಂದು, ಬಂದವನು ನಾನೇ ಎಂದು ಒಪ್ಪಿಕೊಂಡೆ.

ಮರುದಿನ ಮೇಡಂ ಬಂದರು. ಅವರಿಗೆ ಕನ್ನಡ ಬಾರದು, ಬಾಳವ್ವನಿಗೆ ಮರಾಠಿ ಅಷ್ಟಕ್ಕಷ್ಟೆ. ನಡುವೆ ನಾನು. ಈ ಹುಡುಗ ಬಂದಿದ್ದನೇ ಎಂದು ಮೇಡಂ ಕೇಳಿದರು. ಬಾಳವ್ವ ನನ್ನತ್ತ ಕೈ ತೋರಿಸಿ ಅಂದಳು: "ಬಂದಿದ್ದ್ರಿ ಅಕ್ಕಾರ. ಭಾಳ ಚಲೋ ಮಾತಾಡಿದ. ನನ್ನ ಕೈ ಹಿಡದ ಮಾತ ಕೊಟ್ಟ. ಆ ಮಾತ ನಂಬಿ ಮಗನ್ನ ಕಳಕೊಂಡ್ನಿ."

ಮೊದಲ ಮೂರು ಮಾತುಗಳನ್ನು ಮರಾಠಿಯಲ್ಲಿ ಹೇಳಿದೆ. ನಾಲ್ಕನೆಯದಕ್ಕೆ, ಮಗ ಹೋದ ದುಃಖದಲ್ಲಿದ್ದಾಳೆ ಎಂದೆ. ಮೇಡಂ ಅವಳ ಬೆನ್ನು ಸವರಿದರು. ವರ್ಷದ ಕೊನೆಗೆ ಕ್ಷೇತ್ರಕಾರ್ಯದಲ್ಲಿ ನಾನೇ ಮೊದಲಿಗನಾದೆ. ನನ್ನ ವರದಿಯನ್ನು ಮುಂದಿನ ತಂಡದವರಿಗೆ ಮಾದರಿಯಾಗಿ ಇಟ್ಟುಕೊಂಡರು.

ಆಮೇಲೆ ನನ್ನ ಕೈಲಾದಷ್ಟು ಶೋಧಿಸಿದೆ. ದವಾಖಾನೆಯಿಂದ ಆ ಮಂಗಳವಾರ ಯಾರೂ ಹೋಗಿರಲಿಲ್ಲ. ತರಗತಿಯ ಬೇರೆಯವರಿಗೆ ಕನ್ನಡವೇ ಬಾರದು. ನಾನು ಆ ಮಾತು ಬರೆದದ್ದು ಸಂಜೆ ಏಳಕ್ಕೆ. ಬಾಳವ್ವನ ಪ್ರಕಾರ ಹುಡುಗ ಅವಳ ಮನೆಯಲ್ಲಿ ಕೂತದ್ದು ಮಧ್ಯಾಹ್ನ ಮೂರಕ್ಕೆ. ನೆರೆಯ ಹೆಂಗಸೊಬ್ಬಳು ಕೂಡ ಕಡ್ಡಿ ಮುರಿದ ಛತ್ರಿ ಹಿಡಿದ ಹುಡುಗನೊಬ್ಬ ಬಂದದ್ದು ಕಂಡೆ ಎಂದಳು. ನನ್ನ ಛತ್ರಿಯ ಕಡ್ಡಿ ಮುರಿದಿತ್ತು, ನಿಜ. ಆದರೆ ಆ ಮಧ್ಯಾಹ್ನ ಅದು ಸಿನಿಮಾ ಥಿಯೇಟರಿನಲ್ಲಿ ನನ್ನ ಕಾಲ ಬಳಿಯೇ ಇತ್ತು. ಗೆಳೆಯರನ್ನು ಕೇಳಿದೆ. ನಡುವೆ ನಾನು ಎದ್ದು ಹೋಗಿರಲಿಲ್ಲ ಎಂದು ಮೂವರೂ ಹೇಳಿದರು.

ಗಂಟೆ, ಕಪ್ಪು ಇವೆರಡಕ್ಕೆ ನಾನೇ ಸಮಾಧಾನ ಹುಡುಕಿಕೊಂಡಿದ್ದೇನೆ. ಕುರಿಯವರ ಮನೆಯಲ್ಲಿ ಗಂಟೆ, ಬಡವರ ಮನೆಯಲ್ಲಿ ಮುರಿದ ಕಪ್ಪು, ಇದೇನು ದೊಡ್ಡ ಪವಾಡವಲ್ಲ. ಆದರೆ ಆ ಮಾತು? ಮೇಡಮ್ಮನ ಮೆಚ್ಚುಗೆಗಾಗಿ ಹಾಸ್ಟೆಲಿನ ಕೋಣೆಯಲ್ಲಿ ಕೂತು ಮರಾಠಿಯಲ್ಲಿ ಹೊಸೆದ ಮಾತು ಅವಳ ಬಾಯಿಂದ ಕನ್ನಡದಲ್ಲಿ ಹೇಗೆ ಬಂತು?

ಎಂಬತ್ತರ ದಶಕದ ನಡುವಿನಲ್ಲಿ, ನನಗೆ ನೌಕರಿ ಸಿಕ್ಕು ಕೆಲವು ವರ್ಷಗಳಾದ ಮೇಲೆ, ನಿಜ ಹೇಳಿಬಿಡೋಣವೆಂದು ಶಹಾಪುರಕ್ಕೆ ಹೋದೆ. ಆ ಸಾಲುಮನೆಗಳನ್ನು ಕೆಡವಿ ಮಗ್ಗದ ಶೆಡ್ಡು ಕಟ್ಟಿದ್ದರು. ಬಾಳವ್ವ ಚಂದಗಡದ ಕಡೆ ನೆಂಟರ ಊರಿಗೆ ಹೋದಳಂತೆ, ಯಾವ ಊರೆಂದು ಯಾರಿಗೂ ತಿಳಿದಿರಲಿಲ್ಲ. ಬಂದ ಬಸ್ಸಿಗೇ ಹಿಂದಿರುಗಿದೆ.

ನೌಕರಿಯುದ್ದಕ್ಕೂ ನೂರಾರು ಮನೆಗಳ ಬಾಗಿಲಲ್ಲಿ ಬಗ್ಗಿ ಒಳಗೆ ಹೋಗಿದ್ದೇನೆ. ಹೋಗದ ಮನೆಯ ಬಗ್ಗೆ ಒಂದು ಸಾಲನ್ನೂ ಮತ್ತೆ ಬರೆಯಲಿಲ್ಲ. ಆದರೂ ಯಾವುದೇ ಹೊಸ ಮನೆಯವರು ನನ್ನನ್ನು ಕಂಡು "ಬರ್ರಿ" ಎಂದೊಡನೆ, ನನಗಿಂತ ಮೊದಲು ಯಾರಾದರೂ ಬಂದು ಏನಾದರೂ ಮಾತು ಕೊಟ್ಟು ಹೋಗಿದ್ದಾರೆಯೇ ಎಂದು ಕೇಳಿಯೇ ಕೂಡುತ್ತಿದ್ದೆ. ಆ ಮಂಗಳವಾರ ಬಾಳವ್ವನ ಮನೆಗೆ ಬಂದವನು ಯಾರೋ ನನಗೆ ಇಂದಿಗೂ ತಿಳಿದಿಲ್ಲ. ಗುರುವಾರ ಬಾರದೇ ಇದ್ದವನು ಯಾರೆಂದು ಮಾತ್ರ ಬಲ್ಲೆ.