ಹೊಸ್ತಿಲಲ್ಲಿ ನಿಂತ ಬೀರು

ತಾತ ನಮ್ಮನ್ನು ಎತ್ತಿಕೊಳ್ಳುತ್ತಲೇ ಇರಲಿಲ್ಲ ಎಂಬ ದೂರನ್ನು ಮೊಮ್ಮಕ್ಕಳಾದ ನಿಮ್ಮಿಬ್ಬರ ಬಾಯಲ್ಲೂ ಕೇಳಿದ್ದೇನೆ. ಅವರಿಗೆ ಸೊಂಟ ನೋವಿತ್ತು ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಆ ನೋವು ಹೇಗೆ ಬಂತೆಂದು ಈಗ ಬರೆಯುತ್ತೇನೆ. ಬಾಯಿಬಿಟ್ಟು ಹೇಳಲು ನನಗೆ ಇಂದಿಗೂ ಧೈರ್ಯ ಸಾಲದು.

ಹಳ್ಳಿ ಶಾಲೆಯಲ್ಲಿ ನಾನು ಏಳನೆಯ ತರಗತಿಯವರೆಗೆ ಓದಿದೆ. ಸನ್ನೆಕೋಲಿನ ಪಾಠವನ್ನು ಮೇಷ್ಟ್ರು ಅಂಗಳದಲ್ಲೇ ಮಾಡಿದರು. ಒಂದು ಕಲ್ಲುಚಪ್ಪಡಿಯ ಅಡಿಗೆ ಹಾರೆಯ ತುದಿ ತೂರಿಸಿ, ಪಕ್ಕದಲ್ಲೇ ಇಟ್ಟಿಗೆಯ ಆಸರೆ ಕೊಟ್ಟು, ಚಪ್ಪಡಿಯ ಮೇಲೆ ತಾವೇ ಕುಳಿತರು. ತರಗತಿಗೆಲ್ಲ ಸಣಕಲಿಯಾದ ನನ್ನನ್ನು ಕರೆದರು.

"ಆ ತುದಿ ಅದುಮಮ್ಮ. ಇಟ್ಟಿಗೆ ಭಾರದ ಹತ್ರ ಇರ್ಬೇಕು, ಕೈ ದೂರ ಇರ್ಬೇಕು. ಅಷ್ಟೇ ಗುಟ್ಟು."

ಅದುಮಿದೆ. ಮೇಷ್ಟ್ರು ಚಪ್ಪಡಿ ಸಮೇತ ಮೇಲೆದ್ದರು. ಹುಡುಗರು ಕೇಕೆ ಹಾಕಿದ್ದೇ ತಡ, ನಾಚಿ ಹಾರೆ ಬಿಟ್ಟು ಓಡಿದೆ. ಮೇಷ್ಟ್ರು ಧೊಪ್ಪನೆ ಕೆಳಗೆ ಬಂದರು.

ತಾತ ನಿವೃತ್ತರಾದ ಮೇಲೆ ವಿಕ್ರೋಳಿಯ ಕ್ವಾರ್ಟರ್ಸ್ ಬಿಟ್ಟು ಚೆಂಬೂರಿನ ಈ ಮನೆಗೆ ಬಂದೆವು. ಹಮಾಲಿಗಳು ಕಬ್ಬಿಣದ ಬೀರುವನ್ನು ಬಾಗಿಲ ಹೊರಗೆ ಇಳಿಸಿ, ಉಳಿದ ಸಾಮಾನು ತರಲು ಕೆಳಗೆ ಹೋದರು. ಹೊಸ್ತಿಲು ನಾಲ್ಕು ಬೆರಳು ಎತ್ತರ. ಹಮಾಲಿಗಳು ಬರುವವರೆಗೆ ಕಾಯುವ ತಾಳ್ಮೆ ತಾತನಿಗಿರಲಿಲ್ಲ. ಎದುರು ಮನೆಯ ಉಡುಪಿಯವರನ್ನು ಕರೆದರು.

"ಎತ್ತುವ ಮಾರಾಯ್ರೇ, ಇಬ್ಬರು ಸಾಕು. ಏಕ್ ದಮ್!" ಎಂದರು ಅವರು.

ಪ್ಯಾಸೇಜಿನಲ್ಲಿ ಟೈಲ್ಸ್ ಕೆಲಸದವರ ಹಾರೆ ಗೋಡೆಗೆ ಒರಗಿತ್ತು. ಇಟ್ಟಿಗೆಗಳೂ ಇದ್ದವು. ಮೆಟ್ಟಿಲ ಬಳಿ ದೇವರಪೆಟ್ಟಿಗೆ ಹಿಡಿದು ನಿಂತಿದ್ದ ನಾನು ತಾತನನ್ನು ನೋಡಿ, ಹಾರೆಯತ್ತ ಕಣ್ಣು ತಿರುಗಿಸಿದೆ. ಎರಡು ಸಲ, ಮೂರು ಸಲ.

"ಅಕ್ಕ ಎಂತದೋ ಸನ್ನೆ ಮಾಡ್ತಾ ಇದ್ದಾರೆ ನೋಡಿ," ಎಂದರು ಉಡುಪಿಯವರು.

"ಅವಳ ದೇವ್ರು ಮೊದ್ಲು ಒಳಗೆ ಹೋಗ್ಬೇಕಂತೆ," ಎಂದು ತಾತ ನಕ್ಕರು. "ಇರೇ, ನಿನ್ನ ದೇವ್ರಿಗೂ ಬಟ್ಟೆ ಇಡೋಕೆ ಬೀರು ಬೇಡ್ವೇನೇ?"

ಸನ್ನೆ ಎಂಬ ಮಾತು ಉಡುಪಿಯವರ ಬಾಯಲ್ಲೇ ಬಂದಿತ್ತು. ಹಾರೆಯಿಂದ ಮೀಟುವುದಕ್ಕೂ ನಾವು ಕಲಿತ ಹೆಸರು ಅದೇ. ಮೀಟಿ ಮುಂದಿನ ಕಾಲುಗಳನ್ನು ಹೊಸ್ತಿಲು ದಾಟಿಸಿ, ಅಡಿಗೊಂದು ಗೋಣಿಚೀಲ ಹಾಸಿದ್ದರೆ ಘರ್ಷಣೆ ಕಡಿಮೆಯಾಗಿ ಬೀರು ತಾನಾಗಿ ಜಾರುತ್ತಿತ್ತು. ಇಬ್ಬರು ಗಂಡಸರಿಗೆ ನಾನು ಹೇಳಿಕೊಡುವುದೇ ಎಂದು ನಾಲಗೆ ಏಳಲಿಲ್ಲ.

ಎತ್ತಿದರು. ಬೀರು ಒಳಗೆ ಹೋಯಿತು. ಬಗ್ಗಿದ ತಾತ ಮಾತ್ರ ನೆಟ್ಟಗಾಗಲಿಲ್ಲ.

ಎರಡು ತಿಂಗಳು ಹಲಗೆಯ ಮೇಲೆ ಮಲಗಿದರು. ಇನ್ನು ಭಾರ ಎತ್ತಕೂಡದು ಎಂದರು ಡಾಕ್ಟರು. ಆಗ ನಿಮ್ಮಲ್ಲಿ ದೊಡ್ಡವಳಿಗೆ ಎರಡು ವರ್ಷ, ಚಿಕ್ಕವನು ಹುಟ್ಟಿರಲಿಲ್ಲ. ನೀವು "ತಾತಾ, ಊಪರ್" ಎಂದು ಕೈ ಚಾಚಿದರೆ ಅವರು ಗೋಡೆ ಹಿಡಿದು ನೆಲಕ್ಕೆ ಕೂರುತ್ತಿದ್ದರು. "ನೀನೇ ಹತ್ತಿ ಬಾ ಪುಟ್ಟಾ" ಎನ್ನುತ್ತಿದ್ದರು. ನಿಮಗೆ ಅದು ಸಾಲುತ್ತಿರಲಿಲ್ಲ. ಅತ್ತು ನನ್ನ ಬಳಿ ಬರುತ್ತಿದ್ದಿರಿ.

ಬಂದವರಿಗೆಲ್ಲ "ಆ ಬೀರು ನನ್ನ ಸೊಂಟ ತಿಂತು" ಎಂದು ತಮಾಷೆ ಮಾಡುತ್ತಿದ್ದರು. ನಾನೂ ಜೊತೆಗೆ ನಗುತ್ತಿದ್ದೆ. ನನಗೆ ಉಪಾಯ ತಿಳಿದಿತ್ತೆಂದು ಅವರಿಗೆ ತಿಳಿಯಲೇ ಇಲ್ಲ.

ಕೊನೆಯ ಸಲ ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ ಹೇಳಿಬಿಡಬೇಕೆಂದು ಹತ್ತಿರ ಬಾಗಿದೆ. ಅವರು ಕಣ್ಣು ತೆರೆದು, "ಏನೇ?" ಎಂದರು. ಪಕ್ಕದ ಹಾಸಿಗೆಯವರು ನಮ್ಮನ್ನೇ ನೋಡುತ್ತಿದ್ದರು.

"ನೀರು ಬೇಕೇನೋ ಅಂತ ಕೇಳ್ದೆ," ಎಂದೆ.